ಗೇಣುದ್ದದ ಅಂಬಾಸಿಡರ್

ಅಂಬಾಸಿಡರ್ ಕಾರಿನ ಉದ್ದ ಸುಮಾರು 4.3 ಮೀಟರ್. ಅದನ್ನು 24ರಿಂದ ಭಾಗಿಸಿದರೆ 18 ಸೆಂಟಿಮೀಟರ್, ಅಂದರೆ ಗೇಣಿಗೂ ಕೊಂಚ ಕಡಿಮೆ. ಹಳೆಯ ಕಾರುಗಳನ್ನು ಹೀಗೆ ಲೆಕ್ಕ ತಪ್ಪದಂತೆ ಕುಗ್ಗಿಸಿ ಪ್ಲಾಸ್ಟಿಕ್ಕಿನಲ್ಲಿ ಕಟ್ಟುವುದೇ ಸ್ಕೇಲ್ ಮಾಡೆಲಿಂಗ್. ಚಂದಕವಾಡಿಯಂಥ ಹೋಬಳಿ ಊರಿನಲ್ಲಿ ಕೂತೂ ಕಲಿಯಬಹುದಾದ ಕೈಕೆಲಸ ಇದು. ಮೇಜು, ಒಳ್ಳೆಯ ಬೆಳಕು, ಅಂಟಿನ ವಾಸನೆ ಹೊರಗೆ ಹೋಗಲು ತೆರೆದ ಕಿಟಕಿ ಇದ್ದರಾಯಿತು.

ನಮ್ಮ ರೈತರಿಗೆ ಹಿಡಿಸುವ ಸಂಗತಿಯೊಂದಿದೆ. ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿ 1949ರಲ್ಲಿ ತಂದ ಮೊದಲ ಮಾಡೆಲ್ ಕಾರಲ್ಲ, ಫರ್ಗ್ಯೂಸನ್ ಟ್ರ್ಯಾಕ್ಟರ್! ಅಮೆರಿಕದ ಎಎಂಟಿ 1958ರಲ್ಲಿ ‘ಒಂದರಲ್ಲಿ ಮೂರು’ ಕಿಟ್ ತಂದಿತು. ಅದೇ ಪೆಟ್ಟಿಗೆಯ ಭಾಗಗಳಿಂದ ಶೋರೂಮ್ ಕಾರು, ರೇಸ್ ಕಾರು ಅಥವಾ ಮನಸ್ಸಿಗೆ ಬಂದಂತೆ ಮಾರ್ಪಡಿಸಿದ ಕಾರು, ಯಾವುದನ್ನಾದರೂ ಕಟ್ಟಬಹುದಿತ್ತು.

ಕಿಟ್‌ನ ಭಾಗಗಳನ್ನು ಮೊದಲು ಸೋಪಿನ ನೀರಲ್ಲಿ ತೊಳೆಯಬೇಕು, ಅಚ್ಚಿನ ಜಿಡ್ಡು ಉಳಿದರೆ ಬಣ್ಣ ಹಿಡಿಯುವುದಿಲ್ಲ. ಇಲ್ಲಿ ಬಳಸುವ ಅಂಟು ಕಿಟ್‌ನ ಪ್ಲಾಸ್ಟಿಕ್ಕಾದ ಪಾಲಿಸ್ಟೈರೀನನ್ನೇ ಕರಗಿಸಿ ಎರಡು ತುಂಡನ್ನು ಬೆಸೆಯುತ್ತದೆ. ಹಾಗಾಗಿ ಒಂದು ಹನಿ ಹೆಚ್ಚಾದರೂ ಬಾನೆಟ್ಟಿನ ಮೇಲೆ ಗಾಯವಾದಂತೆಯೇ. ಕೈಯ ನಿಜವಾದ ಪರೀಕ್ಷೆ ಮಾತ್ರ ಬಣ್ಣದಲ್ಲಿ. ಅಸಲಿ ಕಾರಿನ ಬಾಗಿಲ ಸಂದು 5 ಮಿಲಿಮೀಟರ್ ಇದ್ದರೆ ಮಾಡೆಲ್‌ನಲ್ಲಿ ಅದು ಬರೀ 0.2. ಬಣ್ಣ ದಪ್ಪವಾಯಿತೋ, ಸಂದು ತುಂಬಿ ಬಾಗಿಲೇ ಮಾಯ. ಅದಕ್ಕೇ ಪ್ರೈಮರ್ ಬಳಿಯುವ ಮುಂಚೆ ಆ ಗೆರೆಗಳನ್ನು ಸೂಜಿಯಿಂದ ಮತ್ತೊಮ್ಮೆ ಕೊರೆಯುತ್ತಾರೆ. ಆಮೇಲೆ ತೆಳುವಾಗಿ ಒಂದು ಕೋಟು, ಒಣಗಿದ ಮೇಲೆ ವಾಟರ್ ಪೇಪರಿನಲ್ಲಿ ಉಜ್ಜಿ ಇನ್ನೊಂದು.

ಮೊದಲೇ ದುಬಾರಿ ಕಿಟ್ ತರಿಸಬೇಕಿಲ್ಲ. ಹಿಂದಕ್ಕೆಳೆದು ಬಿಟ್ಟರೆ ಓಡುವ ಸೆಂಟಿ ಟಾಯ್ಸ್ ಅಂಬಾಸಿಡರನ್ನೇ ಬಿಚ್ಚಿ ಕೈ ಪಳಗಿಸಬಹುದು. ಅಂಟು, ಬಣ್ಣ ಅದಕ್ಕೆ ಒಗ್ಗುತ್ತವೆಯೇ ಎಂದು ಅಡಿಭಾಗದಲ್ಲಿ ಮೊದಲು ನೋಡಿಕೊಳ್ಳಿ. ಯಾವ ಕಾಲದ ಕಾರು ಎಂಬುದೂ ತೀರ್ಮಾನವಾಗಬೇಕು: ಮಾರ್ಕ್ 2 ಆದರೆ ಮುಂದಿನ ಜಾಲರಿಯಲ್ಲಿ ಒತ್ತೊತ್ತಾದ ಚೌಕಗಳು, 1975ರ ಮಾರ್ಕ್ 3 ಆದರೆ ಅಡ್ಡ ಪಟ್ಟಿಗಳು.

ಮಾರ್ಪಾಡು ಎಂದರೆ ಅಗಲ ಚಕ್ರ, ಬೆಂಕಿಯ ಚಿತ್ರ ಎಂದುಕೊಳ್ಳುವವರೇ ಹೆಚ್ಚು. ನನಗೆ ನೋಡಬೇಕೆನಿಸುವುದು ನಮ್ಮ ಕಡೆಯ ಬಾಡಿಗೆ ಕಾರು: ಮೇಲೆ ಕ್ಯಾರಿಯರ್, ಅದರಲ್ಲಿ ಅರಿಶಿನದ ಮೂಟೆ, ಮಾದಪ್ಪನ ಬೆಟ್ಟಕ್ಕೆ ಹೋಗಿಬಂದ ಧೂಳು. ಕಿಟ್‌ನಲ್ಲಿ ಉಳಿದ ಕಡ್ಡಿಯನ್ನು ಮೇಣದಬತ್ತಿಯ ಶಾಖಕ್ಕೆ ಹಿಡಿದು, ಮೆತ್ತಗಾದೊಡನೆ ಎಳೆದರೆ ಕ್ಯಾರಿಯರಿಗೆ ಬೇಕಾದ ಸಣ್ಣ ಸರಳು ಸಿದ್ಧ. ಕೆಮ್ಮಣ್ಣಿನ ಬಣ್ಣದ ಪುಡಿಯನ್ನು ಒಣ ಬ್ರಷ್ಷಿನಿಂದ ಮಡ್‌ಗಾರ್ಡಿನ ಒಳಗೆ, ಬಂಪರಿನ ಕೆಳಗೆ ಸವರಿದರೆ ಧೂಳು. ಉತ್ತರಪಾರಾದ ಕಾರ್ಖಾನೆ 2014ರಲ್ಲಿ ಅಂಬಾಸಿಡರ್ ತಯಾರಿಕೆ ನಿಲ್ಲಿಸಿತು. ರಸ್ತೆಯಲ್ಲಿ ಉಳಿದವೂ ಒಂದೊಂದಾಗಿ ಗುಜರಿ ಸೇರುತ್ತಿವೆ. ಅಳತೆ, ಫೋಟೊ ಬೇಕಾದವರು ಈಗಲೇ ತೆಗೆದುಕೊಳ್ಳಬೇಕು.

ಇನ್ನೂ ಹಳೆಯ ಕಾರುಗಳನ್ನು ಹತ್ತಿರದಿಂದ ನೋಡಬೇಕೆಂದರೆ ಶ್ರೀರಂಗಪಟ್ಟಣದ ಬಳಿ, ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ, ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ‘ಪಯಣ’ ಮ್ಯೂಸಿಯಂ ಇದೆ. ಹೋದಾಗ ಮೊಣಕಾಲೂರಿ ದೀಪದ ಬಳೆ, ಗಾಜಿನ ಸುತ್ತಲ ರಬ್ಬರ್, ಟೈರು ಮತ್ತು ಮಡ್‌ಗಾರ್ಡಿನ ನಡುವಿನ ಅಂತರ ಗಮನಿಸಿ. ಮಾಡೆಲ್ ಆಟಿಕೆಯಂತೆ ಕಾಣದೆ ಕಾರಿನಂತೆ ಕಾಣುವುದು ಬಹುಪಾಲು ಈ ಕೊನೆಯ ಅಂತರದಿಂದ.