ಪ್ಯಾನೆಲ್ ಬೋರ್ಡ್ ತಪಾಸಣೆ: ಯಾವ ಮಾನಕ, ಯಾವ ವರ್ಷದ್ದು?

ಬೈಲಕುಪ್ಪೆಯ ಮುಸುಕಿನ ಜೋಳದ ಹೊಲದ ಬದುವಿನಲ್ಲಿ ಬೋರ್‌ವೆಲ್ ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆ. ಅಲ್ಲಿಂದ ಆಚೆ, ಭತ್ತದ ಕಣಜವೆನಿಸಿದ ಕೆ.ಆರ್. ನಗರದ ಅಕ್ಕಿ ಗಿರಣಿಯೊಳಗೆ ಆಳೆತ್ತರದ ಪ್ಯಾನೆಲ್ ಬೋರ್ಡ್. ಬಾಗಿಲು ತೆರೆದರೆ ಎರಡರಲ್ಲೂ ಕಾಂಟ್ಯಾಕ್ಟರ್, ಓವರ್‌ಲೋಡ್ ರಿಲೇ, ವೈರುಗಳೇ. ಆದರೆ ಎರಡನ್ನೂ ಒಂದೇ ಅಳತೆಗೋಲಿನಿಂದ ಅಳೆಯಲಾಗದು.

ಮೊದಲ ಮಾತು ಕಾನೂನಿನದು. 2003ರ ವಿದ್ಯುಚ್ಛಕ್ತಿ ಕಾಯ್ದೆಯಡಿ ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ ಸುರಕ್ಷತಾ ನಿಯಮಗಳನ್ನು ಹೊರಡಿಸಿತ್ತು. ಈಗ ಅವುಗಳ ಜಾಗದಲ್ಲಿ 2023ರ ನಿಯಮಗಳಿವೆ. ಭಾರತೀಯ ಮಾನಕ ಬ್ಯೂರೋದ ಮಾನಕಗಳು ಈ ನಿಯಮಗಳ ನೆರಳಿನಲ್ಲೇ ನಿಲ್ಲುತ್ತವೆ.

ಆಮೇಲೆ ಕೇಳಬೇಕಾದದ್ದು, ಈ ಪೆಟ್ಟಿಗೆಯ ಕೆಲಸವೇನು? ಗಿರಣಿಗೆ ಬಂದ ಕರೆಂಟನ್ನು ಹಲವು ಮೋಟಾರುಗಳಿಗೆ ಹಂಚುವ ಮುಖ್ಯ ಬೋರ್ಡಿಗೆ ಐಎಸ್/ಐಇಸಿ 61439 ಸರಣಿ. ಪಾಲಿಶ್ ಯಂತ್ರದ ಜೊತೆಗೇ ಬಂದು ಅದನ್ನಷ್ಟೇ ನಡೆಸುವ ಪ್ಯಾನೆಲ್‌ಗೆ ಯಂತ್ರಗಳ ವಿದ್ಯುತ್ ಸುರಕ್ಷತೆಯ 60204-1. ಒಳಗಿನ ಕಾಂಟ್ಯಾಕ್ಟರು, ಬ್ರೇಕರುಗಳಿಗೆ 60947.

ಬೋರ್ಡಿನ ವಯಸ್ಸೂ ಮುಖ್ಯ. ಐಎಸ್ 8623 ಜಾರಿಯಲ್ಲಿದ್ದಾಗ ಕಟ್ಟಿದ ಬೋರ್ಡಿಗೆ 61439 ಬೇಡುವ ವಿನ್ಯಾಸ ದೃಢೀಕರಣದ ಕಡತ ಕೇಳುವುದು ನ್ಯಾಯವಲ್ಲ. ಹಾಗೆಂದು ಅರ್ತಿಂಗ್ ಸರಿಯಿಲ್ಲದಿದ್ದರೆ, ಕರೆಂಟಿರುವ ಭಾಗ ಕೈಗೆ ತಾಗುವಂತಿದ್ದರೆ ಹಳೆಯದೆಂಬ ರಿಯಾಯಿತಿ ಸಲ್ಲದು. ಜೀವದ ಪ್ರಶ್ನೆಗೆ ವಯಸ್ಸಿಲ್ಲ.

ಕಾಗದ ಸರಿಯಿದ್ದೂ ಎಡವುವುದು ಹೆಚ್ಚಾಗಿ ಜಾಗದ ವಿಷಯದಲ್ಲಿ. 61439 ಸಾಮಾನ್ಯವಾಗಿ ಎಣಿಸುವುದು ಸುತ್ತಲಿನ ಗಾಳಿ 40 ಡಿಗ್ರಿ ಸೆಲ್ಸಿಯಸ್ ಮೀರುವುದಿಲ್ಲ, ಇಪ್ಪತ್ನಾಲ್ಕು ಗಂಟೆಯ ಸರಾಸರಿ 35 ದಾಟುವುದಿಲ್ಲ ಎಂದು. ಬಾಯ್ಲರ್ ಪಕ್ಕದ ಗೋಡೆಗೆ ನಿಲ್ಲಿಸಿದ ಬೋರ್ಡಿಗೆ ಈ ಲೆಕ್ಕ ನಡೆಯದು. ಅಲ್ಲಿ ಹೊರಿಸುವ ಹೊರೆಯನ್ನು ತಗ್ಗಿಸಬೇಕು, ಇಲ್ಲವೇ ಬೋರ್ಡನ್ನೇ ಬೇರೆಡೆಗೆ ಸರಿಸಬೇಕು. ತೌಡಿನ ಧೂಳಿನದು ಇನ್ನೊಂದು ಕಾಟ. ಹೆಸರಿನ ಫಲಕದಲ್ಲಿ ಐಪಿ 54 ಎಂದಿದ್ದರೆ, 5 ಧೂಳಿನಿಂದ ಸಿಗುವ ರಕ್ಷಣೆ, 4 ಎಲ್ಲ ಕಡೆಯಿಂದ ಚಿಮ್ಮುವ ನೀರಿನಿಂದ ಸಿಗುವ ರಕ್ಷಣೆ. ಆದರೆ ಹೊಸ ಕೇಬಲ್ ಎಳೆಯಲು ತೂತು ಕೊರೆದು ಗ್ಲ್ಯಾಂಡ್ ಹಾಕದೆ ಬಿಟ್ಟ ದಿನವೇ ಆ ಅಂಕಿಗೆ ಬೆಲೆಯಿಲ್ಲ. ಇದನ್ನು ಯಾವ ಪ್ರಮಾಣಪತ್ರವೂ ಹೇಳುವುದಿಲ್ಲ, ಟಾರ್ಚ್ ಹಿಡಿದು ಬಗ್ಗಿ ನೋಡಿದ ಕಣ್ಣೇ ಹೇಳಬೇಕು.

ಇಷ್ಟಾದ ಮೇಲೆ ವರದಿಯಲ್ಲಿ ಮಾನಕದ ಸಂಖ್ಯೆಯೊಂದನ್ನೇ ಬರೆದರೆ ಸಾಲದು, ವರ್ಷವೂ ಇರಬೇಕು. ಅರ್ತಿಂಗ್‌ಗೆ ಸಂಬಂಧಿಸಿದ ಐಎಸ್ 3043ಕ್ಕೆ 1987ರ ಆವೃತ್ತಿಯೂ ಇದೆ, 2018ರದೂ ಇದೆ. ವೈರಿಂಗಿನ ಐಎಸ್ 732ಕ್ಕೆ 1989ರದು, 2019ರದು. ವರ್ಷ ಬಿಟ್ಟ ವರದಿ ಕೈಗೆ ಬಂದರೆ, ಮುಂದಿನ ಸಲ ಬರುವ ಎಲೆಕ್ಟ್ರಿಷಿಯನ್ ಯಾವುದನ್ನು ನೋಡಿ ದುರಸ್ತಿ ಮಾಡಬೇಕು?