ಆಜ್ಞಾಪದಗಳಿಂದ ನೆರೆಭಾಷೆಯ ಕಲಿಕೆ: ಕನ್ನಡ ಮಾಧ್ಯಮದ ಮಗು ಮತ್ತು ತೆಲುಗಿನ ಮೊದಲ ಮಾತುಗಳು

ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಒಂದು ಶಾಲೆಯಲ್ಲಿ ತರಗತಿ ವೀಕ್ಷಣೆಗಾಗಿ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಅದು ತೆಲುಗು ಅವಧಿ. ಶಿಕ್ಷಕರು ಮೂರನೆಯ ತರಗತಿಯ ಒಬ್ಬ ಹುಡುಗನತ್ತ ನೋಡಿ "ಲೇ" ಎಂದರು. ಹುಡುಗ ಏಳಲಿಲ್ಲ; ತಲೆ ತಗ್ಗಿಸಿ ಕುಳಿತ. ಎರಡನೆಯ ಬಾರಿಯೂ ಅದೇ ಮಾತು, ಅದೇ ಮೌನ. ಹೇಳಿದ ಮಾತು ಕೇಳದವನೆಂದು ಅವನನ್ನು ಅವಧಿ ಮುಗಿಯುವವರೆಗೆ ಬಾಗಿಲ ಬಳಿ ನಿಲ್ಲಿಸಲಾಯಿತು. ತೆಲುಗಿನಲ್ಲಿ "ಲೇ" ಎಂದರೆ "ಏಳು" ಎಂದರ್ಥ. ಆದರೆ ಆ ಮಗುವಿನ ಮನೆಯ ಕನ್ನಡದಲ್ಲಿ "ಲೇ" ಎಂಬುದು ತಿರಸ್ಕಾರದ ಕೂಗು. ತನ್ನನ್ನು ಬೈದರೆಂದು ಅವನು ಕುಗ್ಗಿದ್ದ. ಅವನಲ್ಲಿ ಅವಿಧೇಯತೆ ಇರಲಿಲ್ಲ, ಅರ್ಥವಾಗಿರಲಿಲ್ಲ ಅಷ್ಟೆ. ಪಕ್ಕದಲ್ಲಿಯೇ ಇದ್ದ ನಾನೂ ಅದನ್ನು ಅರಿತದ್ದು ಅವಧಿ ಮುಗಿದು ಅವನೊಡನೆ ಮಾತನಾಡಿದ ಮೇಲೆ.

ನಾರಾಯಣಪೇಟೆ, ಮಕ್ತಲ್, ಗದ್ವಾಲ ಪ್ರದೇಶಗಳಲ್ಲಿ ಕನ್ನಡ ಮತ್ತು ತೆಲುಗುಗಳ ಸಹವಾಸ ಬಹು ಹಳೆಯದು. ಗದ್ವಾಲ ತಾಲ್ಲೂಕು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ರಾಯಚೂರು ಜಿಲ್ಲೆಗೆ ಸೇರಿತ್ತು. ಅದೇ ವರ್ಷ ಸಂವಿಧಾನಕ್ಕೆ ಸೇರಿಸಲಾದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಕಲ್ಪಿಸಬೇಕೆಂದು ಹೇಳುತ್ತದೆ. ಇತ್ತ 2018ರ ತೆಲಂಗಾಣ ಕಾಯ್ದೆಯು ರಾಜ್ಯದ ಶಾಲೆಗಳಲ್ಲಿ ತೆಲುಗು ಕಲಿಕೆಯನ್ನು ಕಡ್ಡಾಯಗೊಳಿಸಿದೆ. ಹೀಗಾಗಿ ನಮ್ಮ ಮಗು ಕನ್ನಡದಲ್ಲಿ ಓದುತ್ತಲೇ ತೆಲುಗನ್ನೂ ಕಲಿಯಬೇಕಾಗಿದೆ. ಈ ಕಲಿಕೆಯನ್ನು ಅಕ್ಷರಮಾಲೆಯಿಂದ ಆರಂಭಿಸುವುದಕ್ಕಿಂತ ನಿತ್ಯದ ಆಜ್ಞಾಪದಗಳಿಂದ ಆರಂಭಿಸುವುದು ಲೇಸು. ಮಗು ತರಗತಿಯಲ್ಲಿ ಮೊದಲು ಕೇಳುವ ಮಾತುಗಳು ಅವೇ. ಅವುಗಳ ಅರ್ಥವನ್ನು ಅನುವಾದವಿಲ್ಲದೆ, ಕ್ರಿಯೆಯಿಂದಲೇ ತೋರಿಸಬಹುದು.

ಹೋಲುವ ಪದಗಳು

ವಿಧ್ಯರ್ಥಕ ಕ್ರಿಯಾಪದದ ಮಧ್ಯಮಪುರುಷ ಏಕವಚನವು ದ್ರಾವಿಡ ಭಾಷೆಗಳಲ್ಲಿ ಬಹುಮಟ್ಟಿಗೆ ಧಾತುವೇ ಆಗಿರುತ್ತದೆ. ಆದ್ದರಿಂದ ಸೋದರ ಭಾಷೆಗಳ ಸಾಮ್ಯ ಇಲ್ಲಿ ಎದ್ದು ಕಾಣುತ್ತದೆ. ಕನ್ನಡದ "ತಿನ್ನು" ತೆಲುಗಿನಲ್ಲಿ "ತಿನು". "ಎತ್ತು", "ಆಡು" ಎರಡರಲ್ಲಿಯೂ ಒಂದೇ. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಯಿತು. ತೆಲುಗಿನಲ್ಲಿ ಅದು ಉಳಿದಿದೆ. ಹಾಡು–ಪಾಡು, ಹಂಚು–ಪಂಚು, ಹೋಗು–ಪೋ ಎಂಬ ಜೋಡಿಗಳನ್ನು ಕಪ್ಪುಹಲಗೆಯ ಮೇಲೆ ಬರೆದರೆ ಮಕ್ಕಳು ತಾವೇ ನಿಯಮವನ್ನು ಗುರುತಿಸುತ್ತಾರೆ. ತಮಿಳಿನ "ವಾ", "ಪೋ" ಎಂಬ ರೂಪಗಳನ್ನೂ ಜೊತೆಗಿಟ್ಟರೆ ಬಾ–ವಾ–ರಾ, ಹೋಗು–ಪೋ–ಪೋ ಎಂದು ಮೂರು ಭಾಷೆಗಳ ನಂಟು ಸ್ಪಷ್ಟವಾಗುತ್ತದೆ.

ಹೋಲದ ಪದಗಳನ್ನು ಪ್ರತ್ಯೇಕವಾಗಿ ಕಲಿಸಬೇಕು: ನೋಡು–ಚೂಡು, ಓದು–ಚದುವು, ಹೇಳು–ಚೆಪ್ಪು, ಕುಡಿ–ತಾಗು, ಕೊಡು–ಇವ್ವು.

ದಾರಿ ತಪ್ಪಿಸುವ ಪದಗಳು

ನಿಜವಾದ ತೊಡಕು ಇರುವುದು ಧ್ವನಿ ಒಂದೇ ಆಗಿ ಅರ್ಥ ಬೇರೆಯಾದಲ್ಲಿ. "ಲೇ" ಪದವನ್ನು ಮೇಲೆ ಕಂಡೆವು. ತೆಲುಗಿನ "ಆಗು" ಎಂದರೆ "ನಿಲ್ಲು". ಕನ್ನಡದ ಮಗುವಿಗೆ ಅದು "ಉಂಟಾಗು". "ತಲುಪು" ತೆಲುಗಿನಲ್ಲಿ "ಬಾಗಿಲು"; ಆದ್ದರಿಂದ "ತಲುಪು ತೆರುವು" ಎಂದಾಗ ಎಲ್ಲಿಗೆ ತಲುಪಬೇಕೆಂದು ಮಗು ಯೋಚಿಸುತ್ತಿರುತ್ತದೆ. "ಬನ್ನಿ" ಎಂಬ ಗೌರವದ ಕರೆಗೆ ತೆಲುಗಿನಲ್ಲಿ "ರಂಡಿ" ಎನ್ನುತ್ತಾರೆ. ಕನ್ನಡ ಕಿವಿಗೆ ಅದು ಬೈಗುಳದಂತೆ ಕೇಳಿಸುವುದರಿಂದ ತರಗತಿಯಲ್ಲಿ ನಗೆಯೋ ಮುಜುಗರವೋ ಉಂಟಾಗುವ ಮುನ್ನ ಶಿಕ್ಷಕರು ಸಹಜವಾಗಿ ಅದರ ಅರ್ಥವನ್ನು ಹೇಳಿ, ಅತಿಥಿಯನ್ನು ಬರಮಾಡಿಕೊಳ್ಳುವ ಅಭಿನಯದೊಂದಿಗೆ ಕಲಿಸುವುದು ಒಳಿತು.

ಇನ್ನೊಂದು ಬಗೆಯ ತೊಡಕು ಅರ್ಥವಿಭಜನೆಯದು. ಕನ್ನಡದ "ಕೇಳು" ಆಲಿಸುವುದಕ್ಕೂ ಪ್ರಶ್ನಿಸುವುದಕ್ಕೂ ಸಲ್ಲುತ್ತದೆ, ತಮಿಳಿನಲ್ಲಿಯೂ ಹಾಗೆಯೇ. ತೆಲುಗಿನಲ್ಲಿ ಆಲಿಸುವುದಕ್ಕೆ "ವಿನು", ಪ್ರಶ್ನಿಸುವುದಕ್ಕೆ "ಅಡುಗು". ಕಿವಿಗೆ ಕೈಯಿಟ್ಟು "ವಿನು", ಕೈ ಮೇಲೆತ್ತಿ "ಅಡುಗು" ಎಂದು ಎರಡು ಬೇರೆ ಅಭಿನಯಗಳನ್ನು ನಿಗದಿಪಡಿಸಿದರೆ ಗೊಂದಲ ನೀಗುತ್ತದೆ.

ಗೌರವ ಮತ್ತು ನಿಷೇಧ

ಕನ್ನಡದಲ್ಲಿ ಬಾ–ಬನ್ನಿ, ಕೊಡು–ಕೊಡಿ ಎಂಬ ಭೇದವಿರುವಂತೆ ತೆಲುಗಿನಲ್ಲಿ ಧಾತುವಿಗೆ "ಅಂಡಿ" ಸೇರುತ್ತದೆ: ಚೂಡು–ಚೂಡಂಡಿ, ಚೆಪ್ಪು–ಚೆಪ್ಪಂಡಿ. ಹಿರಿಯರಿಗೆ "ಪೋ" ಎನ್ನಲಾಗದು, "ವೆಳ್ಳಂಡಿ" ಎನ್ನಬೇಕು. ತೆಲಂಗಾಣದ ಆಡುಮಾತಿನಲ್ಲಿ "ರಾಂಡ್ರಿ", "ಪೋಂಡ್ರಿ" ಎಂಬ ರೂಪಗಳಿವೆ. ನಮ್ಮ ಮಕ್ಕಳ "ಬರ್ರಿ", "ಹೋಗ್ರಿ"ಗಳೊಡನೆ ಅವನ್ನು ಇಟ್ಟು ತೋರಿಸಬಹುದು. ಸಂತೆಯಲ್ಲಿ ಕೇಳುವ ಈ ರೂಪಗಳನ್ನು ತಪ್ಪೆಂದು ತಿದ್ದದೆ, ಪುಸ್ತಕದ ರೂಪವನ್ನು ಅವುಗಳ ಪಕ್ಕದಲ್ಲಿ ಕಲಿಸಬೇಕು.

ನಿಷೇಧಾರ್ಥದಲ್ಲಿ ಕನ್ನಡದ "ಬೇಡ"ಕ್ಕೆ ಸಮನಾಗಿ "ವದ್ದು" ಇದೆ: "ಮಾಟ್ಲಾಡವದ್ದು". ಆದರೆ "ಮಾಟ್ಲಾಡಕು" ಎಂಬ ರೂಪವೂ ಬಳಕೆಯಲ್ಲಿದೆ. ಅದರ ಕೊನೆಯ "ಕು" ಕನ್ನಡದ ಮಗುವಿಗೆ "ಬೇಕು" ಎಂಬಂತೆ ಕೇಳಿಸಿ ಅರ್ಥ ತಿರುವುಮುರುವಾಗಬಹುದು. ಮೊದಲು "ವದ್ದು" ರೂಪವನ್ನು ಬಲಪಡಿಸಿ, ಅನಂತರ ಇದನ್ನು ಪರಿಚಯಿಸಬೇಕು.

ತರಗತಿಯ ಕ್ರಮ

ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಆಶರ್ 1960ರ ದಶಕದಲ್ಲಿ ರೂಪಿಸಿದ ಸಮಗ್ರ ದೈಹಿಕ ಪ್ರತಿಕ್ರಿಯಾ ವಿಧಾನವು ಆಜ್ಞೆ ಮತ್ತು ಚಲನೆಗಳನ್ನೇ ಆಧರಿಸಿದೆ. ಶಿಶು ಮಾತನಾಡುವ ಮೊದಲು ಬಹುಕಾಲ ಮಾತನ್ನು ಆಲಿಸಿ ಅದರಂತೆ ವರ್ತಿಸುತ್ತದೆ ಎಂಬುದು ಅದರ ತಳಹದಿ. ನಮ್ಮಲ್ಲಿ ಇದನ್ನು ದಿನಕ್ಕೆ ಹತ್ತು ನಿಮಿಷ, ವಾರಕ್ಕೆ ಐದು ಪದಗಳಂತೆ ಅಳವಡಿಸಬಹುದು.

1. ಶಿಕ್ಷಕರು ಪದವನ್ನು ಹೇಳಿ ತಾವೇ ಕ್ರಿಯೆಯನ್ನು ಮಾಡಿ ತೋರಿಸುವುದು.
2. ಮಕ್ಕಳೆಲ್ಲರೂ ಶಿಕ್ಷಕರ ಜೊತೆಗೆ ಮಾಡುವುದು.
3. ಶಿಕ್ಷಕರು ಹೇಳುವುದು ಮಾತ್ರ. ಮಕ್ಕಳು ಗುಂಪಿನಲ್ಲಿ, ಬಳಿಕ ಒಬ್ಬೊಬ್ಬರಾಗಿ ಮಾಡುವುದು.
4. ಸಿದ್ಧವಾದ ಮಗು ಆಜ್ಞೆ ನೀಡುವುದು. ಶಿಕ್ಷಕರೂ ಅದನ್ನು ಪಾಲಿಸುವುದು. ಆಗ "ಅಂಡಿ" ರೂಪ ಸಹಜವಾಗಿ ಬೇಕಾಗುತ್ತದೆ.

ಮೂರನೆಯ ಹಂತದವರೆಗೆ ಯಾವ ಮಗುವನ್ನೂ ಮಾತನಾಡಲು ಒತ್ತಾಯಿಸಬಾರದು. ಮೌಲ್ಯಮಾಪನಕ್ಕೆ ಕಂಠಪಾಠ ಕೇಳುವ ಬದಲು ಹೊಸ ಜೋಡಣೆಯನ್ನು ನೀಡಬೇಕು. "ಪುಸ್ತಕಂ ಎತ್ತು", "ತಲುಪು ತೆರುವು" ಕಲಿತ ಮಗುವಿಗೆ "ಪುಸ್ತಕಂ ತೆರುವು" ಎಂದಾಗ ಅದು ಪುಸ್ತಕವನ್ನು ತೆರೆದರೆ ಪದ ದಕ್ಕಿದೆ ಎಂದು ತಿಳಿಯಬಹುದು. ಮಕ್ಕಳು ಒಬ್ಬರನ್ನೊಬ್ಬರು ನೋಡಿ ಅನುಕರಿಸದಂತೆ ಆಗಾಗ ಕಣ್ಣು ಮುಚ್ಚಿಸಿ ಆಡಿಸುವುದೂ ಉಪಯುಕ್ತ.

ಮನೆಯಲ್ಲಿ ತೆಲುಗನ್ನಾಡುವ ಮಕ್ಕಳು ತರಗತಿಯಲ್ಲಿದ್ದರೆ ಇದೇ ಆಟವನ್ನು ಕನ್ನಡದ ಪದಗಳಿಗೂ ಆಡಿಸಬೇಕು. ಅಂದು ಒಬ್ಬರಿಗೆ ಕಷ್ಟವಾದದ್ದು ಇಂದು ಇನ್ನೊಬ್ಬರಿಗೆ ಕಷ್ಟವೆಂದು ಮಕ್ಕಳಿಗೆ ತಿಳಿದಾಗ ಪರಸ್ಪರ ಹಾಸ್ಯ ತಾನಾಗಿ ಕಡಿಮೆಯಾಗುತ್ತದೆ.

ಕೊನೆಯದಾಗಿ ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ. ಯಾವುದೇ ಮಗು ಆಜ್ಞೆಯನ್ನು ಪಾಲಿಸದಿದ್ದಾಗ ಗದರುವ ಮೊದಲು ಅದೇ ಮಾತನ್ನು ಒಮ್ಮೆ ಅಭಿನಯದೊಂದಿಗೆ, ಇನ್ನೊಮ್ಮೆ ಅದರ ಮನೆಮಾತಿನಲ್ಲಿ ಹೇಳಿ ನೋಡಿರಿ. ಆ ಹುಡುಗನಿಗೆ ಅಂದು ಯಾರಾದರೂ "ಏಳಪ್ಪಾ" ಎಂದಿದ್ದರೆ ಅವನು ಒಡನೆಯೇ ಎದ್ದು ನಿಲ್ಲುತ್ತಿದ್ದ.