ಸನ್ನೆ ಹಾಕುವವನ ಭೌತಶಾಸ್ತ್ರ

ಹೋಳಿ ಹುಣ್ಣಿಮೆ ಬಂತೆಂದರೆ ಬಳ್ಳಾರಿಯ ಗಾಂಧಿನಗರದವರೂ ಸಿರುಗುಪ್ಪದ ಕಡೆಯವರೂ ಕುರುಗೋಡಿನ ದಾರಿ ಹಿಡಿಯುತ್ತಾರೆ. ದೊಡ್ಡಬಸವೇಶ್ವರನ ತೇರು! ಗುಡಿಯೊಳಗೆ ಏಕಶಿಲೆಯ ಬಸವಣ್ಣ ಅಲ್ಲಾಡದೆ ಕೂತಿದ್ದಾನೆ; ಹೊರಗೆ ತೇರು ಅಲ್ಲಾಡಬೇಕು. ಎಲ್ಲರ ಕಣ್ಣು ಕಳಸದ ಮೇಲೆ, ಕೈ ಮಿಣಿ ಹಗ್ಗದ ಮೇಲೆ. ನನ್ನ ಕಣ್ಣು ಮಾತ್ರ ಗಾಲಿಯ ಪಕ್ಕ ಬಗ್ಗಿ ನಡೆಯುವವರ ಮೇಲೆ. ಅವರ ಕೈಯಲ್ಲೊಂದು ಓರೆಯಾಗಿ ಕೆತ್ತಿದ ಮರದ ತುಂಡು. ಅದೇ ಸನ್ನೆ. ಬಲ, ಚಲನೆ ಎಂದು ಪಾಠ ಓದುವ ಮಕ್ಕಳಿಗೆ ಇವರಿಗಿಂತ ಒಳ್ಳೆಯ ಮೇಷ್ಟ್ರು ಸಿಗುವುದು ಕಷ್ಟ.

ಮೊದಲು ತೇರು ಕದಲಲಿ. ಇಪ್ಪತ್ತು ಜನ ಜಗ್ಗಿದರೆ ಅದು ಕೂತಲ್ಲೇ ಕೂತಿರುತ್ತದೆ. ನಲವತ್ತು ಜನಕ್ಕೂ ಜಗ್ಗದು. ಇನ್ನಷ್ಟು ಜನ ಸೇರಿದರೆ ಒಮ್ಮೆಲೇ ಕಿರ್ರೆಂದು ಮುಂದಕ್ಕೆ ಬರುತ್ತದೆ. ಸುಮಾರು 2,300 ವರ್ಷಗಳ ಹಿಂದೆ ಗ್ರೀಸಿನ ಅರಿಸ್ಟಾಟಲ್‌ಗೂ ಇದೇ ವಿಚಾರ ತಲೆಗೆ ಹತ್ತಿತ್ತು. ಅವನ ಮುಂದಿದ್ದದ್ದು ತೇರಲ್ಲ, ಹಡಗು. ಬಹಳ ಜನ ಸೇರಿ ಎಳೆದರೆ ಹಡಗು ಒಂದಷ್ಟು ದೂರ ಸರಿಯುತ್ತದೆ. ಹಾಗಂತ ಒಬ್ಬನೇ ಎಳೆದರೆ ಅವನ ಪಾಲಿನಷ್ಟಾದರೂ ಸರಿಯುತ್ತದೆಯೇ? ಇಲ್ಲ, ಕೂದಲೆಳೆಯಷ್ಟೂ ಇಲ್ಲ ಎಂದು ಅವನು ಸರಿಯಾಗಿಯೇ ಕಂಡುಕೊಂಡಿದ್ದ. ನಿಂತ ವಸ್ತುವಿನ ಘರ್ಷಣೆ ನಾವು ಎಳೆದಷ್ಟಕ್ಕೆ ಎದುರು ಎಳೆಯುತ್ತದೆ, ಆದರೆ ಒಂದು ಮಿತಿಯವರೆಗೆ ಮಾತ್ರ. ಮಿತಿ ದಾಟಿದರೆ ಅದು ಸೋಲುತ್ತದೆ. ಚಲಿಸುವಾಗಿನ ಘರ್ಷಣೆ ಆ ಮಿತಿಗಿಂತ ಕಡಿಮೆ. ಫ್ರಾನ್ಸಿನ ಕುಲಂ 18ನೇ ಶತಮಾನದಲ್ಲಿ ಮರದ ಮೇಲೆ ಮರವನ್ನಿಟ್ಟು ಎಳೆದು ನೋಡಿ ಇನ್ನೊಂದು ಸಂಗತಿ ಹೇಳಿದ: ಸುಮ್ಮನೆ ಕೂತ ಹೊತ್ತು ಹೆಚ್ಚಿದಂತೆ ಈ ಹಿಡಿತವೂ ಒಂದು ಹಂತದವರೆಗೆ ಬಿಗಿಯಾಗುತ್ತದೆ. ವರ್ಷವಿಡೀ ನಿಂತ ತೇರಿನ ಅಚ್ಚು ಮೊದಲ ಎಳೆತಕ್ಕೆ ಯಾಕೆ ಮುನಿಸಿಕೊಳ್ಳುತ್ತದೆ ಎಂಬುದಕ್ಕೆ ಉತ್ತರ ಇದರಲ್ಲೂ ಒಂದಿಷ್ಟಿದೆ.

ಎಳೆಯುವವರ ಕಾಲನ್ನೂ ನೋಡಿ. ಕೈ ಹಗ್ಗವನ್ನು ಹಿಂದಿನಿಂದ ಮುಂದಕ್ಕೆ ಜಗ್ಗಿದರೆ, ಹಗ್ಗ ಅವರನ್ನು ತಿರುಗಿ ತೇರಿನ ಕಡೆಗೆ ಜಗ್ಗುತ್ತದೆ. ಪಾದ ನೆಲವನ್ನು ಹಿಂದಕ್ಕೆ ಒದೆಯುತ್ತದೆ, ನೆಲ ಅವರನ್ನು ಮುಂದಕ್ಕೆ ತಳ್ಳುತ್ತದೆ. ನ್ಯೂಟನ್ 1687ರಲ್ಲಿ ಬರೆದ ಮೂರನೇ ನಿಯಮ ಇದು. ಅಂದರೆ ತೇರನ್ನು ಮುಂದಕ್ಕೆ ಒಯ್ಯುವ ಬಲ ಕೊನೆಗೆ ಬರುವುದು ನೆಲದಿಂದ. ಆ ನೆಲದ ಮೇಲೆ ಏನಿರುತ್ತದೆ? ಭಕ್ತರು ತೇರಿಗೆ ಎಸೆದ ಬಾಳೆಹಣ್ಣು! ತುಳಿದು ತುಳಿದು ಲೋಳೆಯಾದ ಬಾಳೆಹಣ್ಣಿನ ಮೇಲೆ ಬರಿಗಾಲಿಟ್ಟವನ ತೋಳಿನಲ್ಲಿ ಎಷ್ಟೇ ಕಸುವಿರಲಿ, ಹಗ್ಗಕ್ಕೆ ತಲುಪುವುದು ಅಷ್ಟಕ್ಕಷ್ಟೇ. ಎಸೆಯುವವರದೂ ಸಣ್ಣ ಸಾಹಸವಲ್ಲ, ಬಿಡಿ. 18 ಮೀಟರ್ ಎತ್ತರದ ಕಳಸಕ್ಕೆ ನೇರ ಕೆಳಗಿನಿಂದ ಉತ್ತತ್ತಿ ತಾಗಿಸಬೇಕೆಂದರೆ ಅದು ಕೈ ಬಿಡುವಾಗ ಗಂಟೆಗೆ ಸುಮಾರು 68 ಕಿಲೋಮೀಟರ್ ವೇಗ ಬೇಕು, ಗಾಳಿಯ ತಡೆ ಲೆಕ್ಕಕ್ಕೆ ಹಿಡಿಯದೆಯೇ.

ಈಗ ಮುಖ್ಯ ವಿಷಯಕ್ಕೆ ಬರೋಣ. ಲೆಕ್ಕಕ್ಕೆಂದು ತೇರಿನ ತೂಕ 40 ಟನ್ ಅನ್ನಿ. ಉರುಳುವಾಗ ತಡೆಯುವ ಬಲ ತೂಕದ ಇಪ್ಪತ್ತನೇ ಒಂದು ಪಾಲು, ಸುಮಾರು 20,000 ನ್ಯೂಟನ್. ಒಬ್ಬೊಬ್ಬರು 200 ನ್ಯೂಟನ್ ಎಳೆದರೆ ನೂರು ಜನರ ಬಲ ಆ ತಡೆಗೇ ಸರಿಹೋಯಿತು. ಜಾತ್ರೆಯಲ್ಲಿ ನೂರಕ್ಕೆ ಯಾರು ನಿಲ್ಲುತ್ತಾರೆ? ಮುನ್ನೂರು ಜನ ಕೈಹಾಕಿದರೆ ಉಳಿದ 40,000 ನ್ಯೂಟನ್ ತೇರಿನ ವೇಗ ಹೆಚ್ಚಿಸಲು ಹೋಗುತ್ತದೆ. ಎರಡೇ ಸೆಕೆಂಡಿನಲ್ಲಿ ವೇಗ ಸೆಕೆಂಡಿಗೆ 2 ಮೀಟರ್ ಆಗುತ್ತದೆ, ನಮ್ಮ ಬಿರುಸು ನಡಿಗೆಗಿಂತ ಜೋರು. ಆಗ ಯಾರೋ ಮುಗ್ಗರಿಸಿದರು, ಎಲ್ಲರೂ ಹಗ್ಗ ಬಿಟ್ಟರು ಅನ್ನಿ. ತೇರು ನಿಲ್ಲುವುದಿಲ್ಲ. ಘರ್ಷಣೆಯೊಂದನ್ನೇ ನಂಬಿದರೆ ಅದಕ್ಕೆ ಇನ್ನೂ 4 ಸೆಕೆಂಡು, 4 ಮೀಟರ್ ಬೇಕು. ರಸ್ತೆ ಇಪ್ಪತ್ತು ಮೀಟರಿಗೆ ಒಂದು ಮೀಟರ್ ಇಳಿಜಾರಾಗಿದ್ದರಂತೂ ಗುರುತ್ವದ ಎಳೆತವೂ ಘರ್ಷಣೆಯೂ ಸಮಸಮ. ತೇರು ಅದೇ ವೇಗದಲ್ಲಿ ಹೋಗುತ್ತಲೇ ಇರುತ್ತದೆ. ಹಡಗಿನ ವಿಚಾರದಲ್ಲಿ ಗೆದ್ದ ಅರಿಸ್ಟಾಟಲ್ ಇಲ್ಲಿ ಎಡವಿದ: ಎಳೆಯುವುದು ನಿಂತರೆ ಚಲನೆಯೂ ನಿಲ್ಲುತ್ತದೆ ಎಂದು ಬಗೆದ. ಜಡತ್ವವೆಂಬುದನ್ನು ಜಗತ್ತು ಸರಿಯಾಗಿ ಅರಿಯಲು ಗೆಲಿಲಿಯೊನವರೆಗೆ ಕಾಯಬೇಕಾಯಿತು. ಗಾಲಿಯ ಪಕ್ಕದವರಿಗೆ ಮಾತ್ರ ಅದು ಹೊಟ್ಟೆಪಾಡಿನಷ್ಟೇ ಗೊತ್ತಿದ್ದ ಸಂಗತಿ.

ಹಗ್ಗದ್ದೊಂದು ದೌರ್ಬಲ್ಯವಿದೆ. ಅದು ಎಳೆಯಬಲ್ಲದು, ತಳ್ಳಲಾರದು. ತೇರು ಜನರಿಗಿಂತ ವೇಗವಾಗಿ ಬಂದ ಗಳಿಗೆಯಲ್ಲಿ ಮಿಣಿ ಜೋತು ಬೀಳುತ್ತದೆ. ಮುಂದಿರುವ ಮುನ್ನೂರು ಜನ ಅಲ್ಲಿಂದ ಮುಂದೆ ಬರಿಯ ಪ್ರೇಕ್ಷಕರು. ಉಳಿದಿರುವುದು ಸನ್ನೆ ಒಂದೇ.

ಗಾಲಿಯ ತ್ರಿಜ್ಯ 1 ಮೀಟರ್, ಅಡ್ಡ ಇಟ್ಟ ಸನ್ನೆಯ ಎತ್ತರ 10 ಸೆಂಟಿಮೀಟರ್ ಎಂದುಕೊಳ್ಳಿ. ನಿಂತ ಗಾಲಿ ಅದನ್ನು ಹತ್ತಬೇಕಾದರೆ ಆ ಗಾಲಿಯ ಮೇಲಿನ ಭಾರದ ಅರ್ಧದಷ್ಟು ಬಲ ಬೇಕು. ಮುಂದಿನ ಎರಡು ಗಾಲಿಗಳು 20 ಟನ್ ಹೊತ್ತಿದ್ದರೆ 470ಕ್ಕೂ ಹೆಚ್ಚು ಜನ ಜಗ್ಗಬೇಕು. ಗೇಣುದ್ದವೂ ಎತ್ತರವಿಲ್ಲದ ಎರಡು ಕಟ್ಟಿಗೆ ತುಂಡುಗಳು ಮುನ್ನೂರು ಜನರನ್ನು ಸೋಲಿಸಿದವು! ಸನ್ನೆಗೆ ಸ್ವಂತ ಬಲವೇನೂ ಇಲ್ಲ. ತೇರಿನ ಭಾರವೇ ಅದನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ.

ಆದರೆ ಇದು ನಿಂತ ಗಾಲಿಯ ಲೆಕ್ಕ. ಉರುಳುವ ತೇರಿಗೆ ಚಲನಶಕ್ತಿ ಇದೆ, ಅದು ವೇಗದ ವರ್ಗದಂತೆ ಏರುತ್ತದೆ. ಸೆಕೆಂಡಿಗೆ 1.4 ಮೀಟರ್, ಅಂದರೆ ಸಾಮಾನ್ಯ ನಡಿಗೆಯ ವೇಗದಲ್ಲಿ ಅದು ಸುಮಾರು 39,000 ಜೂಲ್. ಮುಂದಿನ ಗಾಲಿಗಳನ್ನು 10 ಸೆಂಟಿಮೀಟರ್ ಎತ್ತಲು ಬೇಕಾದದ್ದು ಅದರ ಅರ್ಧ. ಹೊಡೆತದಲ್ಲಿ ಒಂದಷ್ಟು ಪೋಲಾದರೂ ಗಾಲಿ ಸನ್ನೆಯನ್ನು ಹತ್ತಿ ಆಚೆ ಧುಮುಕಬಹುದು. ಹೀಗಾಗಿ ತೇರು ಓಡಿದ ಮೇಲೆ ಸನ್ನೆ ಹಾಕಿ ಫಲವಿಲ್ಲ. ಓಡುವ ಮುಂಚೆ, ನಾಲ್ಕು ಹೆಜ್ಜೆಗೊಮ್ಮೆ, ಹಾಕಿ ತೆಗೆದು ಹಾಕುತ್ತಿರಬೇಕು. ಅದೂ ಬೆರಳು ಗಾಲಿಯಡಿ ಸಿಕ್ಕದ ಹಾಗೆ. ಡಕ್ಕೆಂದು ನಿಂತರೆ ಅಷ್ಟೆತ್ತರದ ತುದಿ ಮುಂದಕ್ಕೆ ತೂಗುತ್ತದೆ, ಮರದ ಕೀಲು ಕೀಲೂ ನರಳುತ್ತದೆ. ಬುಡದಲ್ಲಿ ಭಾರವಾದ ಮರದ ಗಡ್ಡಿ, ಮೇಲೆ ಹಗುರಾದ ಬಟ್ಟೆ, ಬಾವುಟ. ಗುರುತ್ವಕೇಂದ್ರ ಕೆಳಗಿರುವುದರಿಂದ ತೇರು ತೂಗಿದರೂ ಬೀಳುವುದು ಅಪರೂಪ. ಅಚ್ಚೇ ಕೈಕೊಟ್ಟರೆ ಸನ್ನೆಯವನೇನು ಮಾಡಿಯಾನು? ಆಗ ಬಳ್ಳಾರಿ ಜಿಲ್ಲೆಯಲ್ಲೇ ಇದ್ದ ಕೊಟ್ಟೂರಿನಲ್ಲಿ 2017ರ ಫೆಬ್ರವರಿಯಲ್ಲಿ ಗುರುಬಸವೇಶ್ವರನ ತೇರು ಅಚ್ಚು ಮುರಿದು ಉರುಳಿದ್ದನ್ನು ಈ ಸೀಮೆಯವರು ಮರೆತಿಲ್ಲ.

ತೇರಿಗೆ ಚುಕ್ಕಾಣಿಯಿಲ್ಲ. ಅದನ್ನು ತಿರುಗಿಸುವುದೂ ಸನ್ನೆಯೇ. ಎಡಗಾಲಿ ತಡೆದರೆ ಬಲಗಾಲಿ ಮುಂದೆ ಸಾಗುತ್ತದೆ, ತೇರು ಎಡಕ್ಕೆ ಹೊರಳುತ್ತದೆ. ಡೊಳ್ಳು, ಜಯಕಾರ, ಪಟಾಕಿಯ ನಡುವೆ ಎಡಗಡೆಯವನ ಕೂಗು ಬಲಗಡೆಯವನಿಗೆ ಕೇಳುವ ಮಾತೇ ಇಲ್ಲ. ಆತ ಕೈ ಎತ್ತುತ್ತಾನೆ, ಈತ ತಲೆ ಆಡಿಸುತ್ತಾನೆ. ಅದಕ್ಕೂ ಕನ್ನಡದಲ್ಲಿ ಸನ್ನೆ ಎಂದೇ ಹೆಸರು.